ಅವ್ವಾ, ಇದನ್ನು ಅಪ್ಪನಿಗೆ ಓದಿ ಹೇಳಬೇಡ

ಟ್ಯೂಬಿಂಗನ್, ಜರ್ಮನಿ
14 ಮಾರ್ಚ್ 2025, ಶುಕ್ರವಾರ

ಪ್ರೀತಿಯ ಅವ್ವನಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಇಲ್ಲಿ ಕ್ಷೇಮ.

ಸಮ್ಯಾ ಫೋಟೊ ತೆಗೆದು ಕಳಿಸಿದ ನಿನ್ನ ಪತ್ರ ಸೋಮವಾರ ಸಿಕ್ಕಿತು. ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಓದುತ್ತಾ ಕೂತೆ. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿದ್ದೂ ಗೊತ್ತಾಗಲಿಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರು, ಲಾಳಿ ಕೈಯಿಂದ ಜಾರಿತು, ಬಾಗಲಕೋಟೆಗೆ ಕರೆದುಕೊಂಡು ಹೋದೆವು ಅಂತ ಬರೆದಿದ್ದೀಯ. ಇಷ್ಟೆಲ್ಲ ಆಗಿ ಒಂಬತ್ತು ದಿನ ಆಗಿತ್ತು. ಆ ಒಂಬತ್ತೂ ದಿನ ಫೋನಿನಲ್ಲಿ 'ನಾವೆಲ್ಲಾ ಆರಾಮ ಅದೇವಿ' ಅಂದೆಯಲ್ಲ ಅವ್ವಾ. ನಿನ್ನ ಮಗಳು ನರ್ಸ್. ಊರಿನವರ ಕಾಯಿಲೆಗೆಲ್ಲ ಆಗುತ್ತೇನೆ, ನನ್ನ ಅಪ್ಪನ ಕಾಯಿಲೆ ನನಗೆ ಗೊತ್ತಾಗಬಾರದಾ? ಇರಲಿ. ಬೈಯಲು ಕೂತಿಲ್ಲ.

ಫೋನ್ ಬಿಟ್ಟು ಕಾಗದ ಬರೆಯಲು ಕಾರಣ ಇದೆ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಲ್ಲೇ ಇರುತ್ತಾರೆ. ಫೋಟೊ ಕಳಿಸಿದರೆ ಸಮ್ಯಾ ಮೊದಲು ಓದುತ್ತಾನೆ. ನನ್ನ ಜೊತೆ ಇರುವ ಕೊಟ್ಟಾಯಂ ಹುಡುಗಿ ಇವತ್ತು ರಾತ್ರಿ ಊರಿಗೆ ಹೊರಟಿದ್ದಾಳೆ. ಬೆಂಗಳೂರಿನಲ್ಲಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಅಂದಿದ್ದಾಳೆ. ಅವಳು ಪೆಟ್ಟಿಗೆ ಕಟ್ಟುವಷ್ಟರಲ್ಲಿ ಬರೆದು ಮುಗಿಸಬೇಕು.

ಮೊದಲು ಅಪ್ಪನ ವಿಷಯ. ರಿಪೋರ್ಟಿನ ಫೋಟೊ ನೋಡಿದೆ, ಇಲ್ಲಿನ ಒಬ್ಬ ಡಾಕ್ಟರಿಗೂ ತೋರಿಸಿದೆ. ಎರಡು ಕಡೆ ಬ್ಲಾಕ್ ಇದೆ. ಒಂದು ಜಾಸ್ತಿಯೇ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಹೃದಯದ ಬಡಿತದ ಶಕ್ತಿ ಚೆನ್ನಾಗಿದೆ. ಬೈಪಾಸ್ ಬೇಡ, ಸ್ಟೆಂಟ್ ಸಾಕು ಅಂದಿದ್ದಾರೆ. ಅದು ದೇವರ ದಯೆ. ಎದೆ ಕೊಯ್ಯುವುದಿಲ್ಲ ಅವ್ವಾ. ಮಣಿಕಟ್ಟಿನ ಹತ್ತಿರದ ನಾಳದಲ್ಲಿ ಸಣ್ಣ ನಳಿಗೆ ಬಿಟ್ಟು, ಬ್ಲಾಕ್ ಇದ್ದಲ್ಲಿ ಪುಟ್ಟ ಜಾಳಿಗೆ ಬಿಡಿಸಿ ಕೂರಿಸುತ್ತಾರೆ. ಅಪ್ಪ ಎಚ್ಚರವಾಗೇ ಇರುತ್ತಾರೆ, ಡಾಕ್ಟರ ಜೊತೆ ಮಾತಾಡಬಹುದು. ಎರಡು ಮೂರು ದಿನದಲ್ಲಿ ಮನೆ. ನೀನು ಹೆದರಬೇಡ. ಖಂಡಿತ ಹೆದರಬೇಡ.

ಈಗ ದುಡ್ಡಿನ ಮಾತು. ಎರಡು ಲಕ್ಷ ಬೇಕು, ನೀನು ಕಳಿಸುತ್ತೀಯಾ ಇಲ್ಲಾ ಕಾಕಾ ಹೇಳಿದ ಹಾಗೆ ಮಾಡಲಾ ಅಂತ ಕೇಳಿದ್ದೀಯ. ಬುಧವಾರ ನಿನ್ನ ಖಾತೆಗೆ 1,100 ಯೂರೊ ಹಾಕಿದ್ದೇನೆ. ಒಂದು ಲಕ್ಷದ ಮೇಲೆ ಸ್ವಲ್ಪ ಬರುತ್ತದೆ. ನನ್ನ ಹತ್ತಿರ ಇದ್ದದ್ದು ಅಷ್ಟೇ. ಮಂಗಳವಾರ ರಾತ್ರಿ ಮಾತ್ರ ಪೂರ್ತಿ ಎರಡು ಲಕ್ಷದ ಹತ್ತಿರ ಹತ್ತಿರ ನನ್ನ ಜೇಬಿನಲ್ಲಿತ್ತು. ಅದನ್ನು ಯಾಕೆ ಕಳಿಸಲಿಲ್ಲ ಅಂತ ಹೇಳಲಿಕ್ಕೇ ಈ ಕಾಗದ.

ನಾನು ನೋಡಿಕೊಳ್ಳುವ ಒಬ್ಬ ಅಜ್ಜಿ ಇದ್ದಾರೆ. ಹೆಸರು ಬರೆಯುವಂತಿಲ್ಲ, ಇಲ್ಲಿ ಅದು ಕಟ್ಟುನಿಟ್ಟು. 91 ವರ್ಷ. ಮಕ್ಕಳಿಲ್ಲ. ಮರೆವಿನ ಕಾಯಿಲೆ. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಆದರೆ ಹುಡುಗಿಯಾಗಿದ್ದಾಗ ರಾಯ್ಟ್‌ಲಿಂಗನ್‌ನ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿದ್ದು ಪೂರ್ತಿ ನೆನಪಿದೆ. ಅಪ್ಪ ಮಗ್ಗದ ಮೇಲೆ ಕೂತು ತೇರಿನ ಖಣ ನೇಯುವ ಫೋಟೊ ನನ್ನ ಫೋನಿನಲ್ಲಿದೆಯಲ್ಲ, ಅದನ್ನು ಒಂದು ಸಲ ತೋರಿಸಿದ್ದೆ. ಲಾಳಿಯ ಮೇಲೆ ಬೆರಳಿಟ್ಟು ಇದು ನನಗೆ ಗೊತ್ತು, ಇದು ನನಗೆ ಗೊತ್ತು ಅಂತ ಎಷ್ಟು ಸಂತೋಷಪಟ್ಟರು! ಅವತ್ತಿನಿಂದ ನನ್ನನ್ನು ನೇಕಾರನ ಮಗಳು ಅಂತಲೇ ಕರೆಯುತ್ತಾರೆ. ನೆನಪಾದ ದಿನ ಮಾತ್ರ.

ಮಂಗಳವಾರ ನನಗೆ ರಾತ್ರಿ ಒಂಬತ್ತರವರೆಗೆ ಪಾಳಿ. ಅಜ್ಜಿಯ ಹಾಸಿಗೆ ಬದಲಿಸುತ್ತಾ ಅಳು ತಡೆಯಲಾಗಲಿಲ್ಲ. ಏನಾಯಿತು ಅಂದರು. ಅಪ್ಪನಿಗೆ ಎದೆನೋವು ಅಂದೆ. ಅಷ್ಟೇ ಅಂದದ್ದು ಅವ್ವಾ, ದುಡ್ಡಿನ ಮಾತು ನಾನು ಎತ್ತಲೇ ಇಲ್ಲ. ಅವರು ಕಪಾಟು ತೆಗೆಸಿ, ಮಡಚಿಟ್ಟ ಟವೆಲ್ಲುಗಳ ಕೆಳಗಿಂದ ಒಂದು ಲಕೋಟೆ ತೆಗೆದರು. ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. ನೇಕಾರನಿಗೆ ಕೊಡು ಅಂದರು.

ಬಾತ್‌ರೂಮಿಗೆ ಹೋಗಿ ಎಣಿಸಿದೆ. ಐವತ್ತರ ನಲವತ್ತು ನೋಟು. 2,000 ಯೂರೊ.

ತಿರುಗಿ ಬಂದಾಗ ಅಜ್ಜಿ ನನ್ನ ಮುಖ ನೋಡಿ 'ನೀನು ಯಾರಮ್ಮ?' ಅಂದರು. ಕೊಟ್ಟದ್ದು ಅವರಿಗೇ ನೆನಪಿರಲಿಲ್ಲ.

ಇಲ್ಲಿನ ಕಾನೂನು ಬಂದ ಮೊದಲನೇ ವಾರವೇ ಹೇಳಿಕೊಡುತ್ತಾರೆ. ಆರೈಕೆ ಮನೆಯಲ್ಲಿ ಕೆಲಸ ಮಾಡುವವರು ಅಲ್ಲಿರುವ ಹಿರಿಯರ ಕೈಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಒಂದು ಚಾಕೊಲೇಟ್ ಪೊಟ್ಟಣ ಸರಿ, ನೋಟು ಇಲ್ಲವೇ ಇಲ್ಲ. ನನಗೆ ಗೊತ್ತಿತ್ತು. ಆದರೂ ಲಕೋಟೆಯನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೆ. ಕದ್ದಿಲ್ಲ, ಕೇಳಿಲ್ಲ, ಪ್ರೀತಿಯಿಂದ ಕೊಟ್ಟರು ಅಂದುಕೊಂಡೆ. ದೇವರೇ ಅಪ್ಪನಿಗೆ ಅಂತ ಕಳಿಸಿದ ಅಂತಲೂ ಅಂದುಕೊಂಡೆ. ನೋಡು ಅವ್ವಾ, ದೇವರ ಹೆಸರನ್ನೂ ಅದರೊಳಗೆ ತಂದುಬಿಟ್ಟೆ.

ಹಿಂದಿನ ಭಾನುವಾರ, 9ನೇ ತಾರೀಖು, ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲದ ಮೊದಲ ಭಾನುವಾರ. ಇಲ್ಲಿ ಅವತ್ತಿನ ಪಾಠ ಮತ್ತಾಯನ ನಾಲ್ಕನೆಯ ಅಧ್ಯಾಯ. ಯೇಸುವಿಗೆ ಅಡವಿಯಲ್ಲಿ ಸೈತಾನನಿಂದ ಬಂದ ಶೋಧನೆ, ಆಸೆ ತೋರಿಸಿ ತಪ್ಪಿಗೆ ಎಳೆಯುವುದು. ಚಿಕ್ಕಂದಿನಿಂದ ನಮ್ಮ ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಕೇಳಿದ್ದೇನೆ! ಶೋಧನೆ ಅಂದರೆ ಕುಡಿತ, ಜೂಜು, ಕೆಟ್ಟ ಸಹವಾಸ ಅಂತ ತಿಳಿದಿದ್ದೆ. ಅವು ನನ್ನ ಹತ್ತಿರ ಬರುವುದಿಲ್ಲ, ನನಗೇನು ಭಯ ಅನ್ನೋ ಧೈರ್ಯ ಇತ್ತು. ಆದರೆ ಸೈತಾನ ಯೇಸುವಿನ ಮುಂದೆ ಮೊದಲು ಇಟ್ಟದ್ದು ರೊಟ್ಟಿ ಅಲ್ವಾ? ನಲವತ್ತು ದಿನ ಹಸಿದವನ ಮುಂದೆ ರೊಟ್ಟಿ. ರೊಟ್ಟಿಯಲ್ಲಿ ಏನು ಪಾಪ ಇದೆ? ನನ್ನ ಹತ್ತಿರವೂ ಹಾಗೇ ಬಂತು. ಕೆಟ್ಟ ಮುಖ ಹೊತ್ತು ಬರಲಿಲ್ಲ, ಅಪ್ಪನ ಮುಖ ಹೊತ್ತು ಬಂತು.

ಇಲ್ಲಿ ಒಂದು ತಿಂಡಿ ಇದೆ, ಮೌಲ್‌ಟಾಶೆ ಅಂತಾರೆ. ನಮ್ಮ ಕಡಬಿನ ಹಾಗೆಯೇ, ಒಳಗೆ ಹೂರಣದ ಬದಲು ಮಾಂಸ ಮತ್ತು ಸೊಪ್ಪು. ಲೆಂಟ್ ಕಾಲದಲ್ಲಿ ಮಾಂಸ ತಿನ್ನಬಾರದಲ್ಲ, ಅದಕ್ಕೆ ಹಿಂದೆ ಮಠದ ಸನ್ಯಾಸಿಗಳು ದೇವರಿಗೆ ಕಾಣದಿರಲಿ ಅಂತ ಹಿಟ್ಟಿನೊಳಗೆ ಮುಚ್ಚಿ ಬೇಯಿಸಿದರಂತೆ. ದೇವರಿಗೆ ಮೋಸ ಮಾಡುವ ತಿಂಡಿ ಅಂತ ಅದಕ್ಕೆ ಅಡ್ಡಹೆಸರೇ ಇದೆ. ಕಥೆ ಕೇಳಿದಾಗ ತುಂಬಾ ನಕ್ಕಿದ್ದೆ. ಮಂಗಳವಾರ ರಾತ್ರಿ ಅಡುಗೆಮನೆಯಿಂದ ಅದೇ ಬಂದಿತ್ತು. ಅಜ್ಜಿಗೆ ಸಣ್ಣಗೆ ಕತ್ತರಿಸಿ ತಿನ್ನಿಸಿದೆ. ಜೇಬಿನಲ್ಲಿ ಲಕೋಟೆ ಇತ್ತು. ಆಗ ನಗು ಬರಲಿಲ್ಲ.

ಊಟ ಆದ ಮೇಲೆ ಅಜ್ಜಿ ಎಂದಿನಂತೆ ಕೈ ಜೋಡಿಸಿದರು. ಅವರಿಗೆ ಎಲ್ಲ ಮರೆತರೂ ಕರ್ತನ ಪ್ರಾರ್ಥನೆ ಮರೆತಿಲ್ಲ. ಇಲ್ಲಿ ಇಂಥ ಎಷ್ಟೋ ಹಿರಿಯರನ್ನು ನೋಡಿದ್ದೇನೆ. ಗಂಡನ ಹೆಸರು ಮರೆತವರೂ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಶುರು ಮಾಡಿದರೆ ಒಂದು ಮಾತು ತಪ್ಪದೆ ಮುಗಿಸುತ್ತಾರೆ. ಅವರು ಜರ್ಮನ್‌ನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ. ದಿನಾ ಹಾಗೇ. ಅವತ್ತು 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ' ಅನ್ನೋ ಹೊತ್ತಿಗೆ ನನ್ನ ಬಾಯಿ ಕಟ್ಟಿತು. ಅಜ್ಜಿ ಒಬ್ಬರೇ ಮುಗಿಸಿದರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು.

ಅಲ್ಲಿಗೇ ಮನಸ್ಸು ಬದಲಾಗಿ ಲಕೋಟೆ ಕೊಟ್ಟುಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಪಾಳಿ ಮುಗಿಸಿ, ಲಕೋಟೆ ಕೋಟಿನ ಜೇಬಿಗೆ ಹಾಕಿಕೊಂಡು ರೂಮಿಗೆ ಬಂದೆ. ಅವ್ವಾ, ಇದನ್ನು ನಿನಗಲ್ಲದೆ ಯಾರಿಗೂ ಬರೆದಿಲ್ಲ.

ರಾತ್ರಿ ನಿದ್ದೆ ಇಲ್ಲ. ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಆಸೆ ಹೋಗಲಿಲ್ಲ. ಪ್ರಾರ್ಥನೆ ಮಾಡಿದ ತಕ್ಷಣ ಮನಸ್ಸು ಹಗುರಾಗುತ್ತದೆ ಅಂತ ಸಾಕ್ಷಿ ಹೇಳುವವರನ್ನು ಎಷ್ಟೋ ಕೇಳಿದ್ದೇವೆ. ನನಗೆ ಹಾಗೆ ಆಗಲಿಲ್ಲ. ಆಮೆನ್ ಅಂದ ಮರುಕ್ಷಣವೇ ಮತ್ತೆ ಲೆಕ್ಕ ಹಾಕುತ್ತಿದ್ದೆ. ಆಕಾನನ ಕಥೆ ಬೇರೆ ತಲೆಗೆ ಬಂತು. ಅಪ್ಪ ಕುಟುಂಬ ಪ್ರಾರ್ಥನೆಯಲ್ಲಿ ಹೇಳುತ್ತಿದ್ದರಲ್ಲ, ಡೇರೆಯೊಳಗೆ ನೆಲ ಅಗೆದು ಬೆಳ್ಳಿ ಬಂಗಾರ ಹೂತಿಟ್ಟವನು. ನನ್ನ ದಿಂಬಿನ ಕೆಳಗೂ ಹಾಗೆ ಒಂದು ಇತ್ತು.

ಮೂರು ಗಂಟೆಯ ಸುಮಾರಿಗೆ ಅಜ್ಜ ನೆನಪಾದರು. ಅಜ್ಜ ಸೆರೆ ಕುಡಿಯುವುದು ಬಿಟ್ಟದ್ದನ್ನು ಎಲ್ಲರೂ ಪ್ರಾರ್ಥನೆಯಿಂದ ಬಿಟ್ಟರು ಅಂತಾರೆ. ಆಯಿ ನನಗೆ ಪೂರ್ತಿ ಹೇಳಿದ್ದಳು. ಪ್ರಾರ್ಥನೆ ಮಾಡಿದ ಮೇಲೂ ಅಜ್ಜನಿಗೆ ಕುಡಿಯಬೇಕು ಅನ್ನೋದು ಎಷ್ಟೋ ವರ್ಷ ಇತ್ತಂತೆ. ಸಂತೆಗೆ ಹೋಗುವಾಗ ಆ ಅಂಗಡಿಯ ಮುಂದಿನ ದಾರಿ ಬಿಟ್ಟು, ಸುತ್ತು ಹಾಕಿ ಹೋಗುತ್ತಿದ್ದರಂತೆ. ಬಿಸಿಲಿನಲ್ಲಿ ನೇಯ್ದ ಖಣದ ಗಂಟು ಹೆಗಲ ಮೇಲೆ ಹೊತ್ತುಕೊಂಡೇ ಆ ಸುತ್ತು. 'ದೇವರು ಆಸೆ ತೆಗೀಲಿಲ್ಲ ಮಗಾ, ಕಾಲು ತಿರುಗಿಸಿದ' ಅಂತ ಆಯಿ ಹೇಳಿದ್ದಳು. ನಿನ್ನ ಬೈಬಲಿನಲ್ಲಿ ಕೆಂಪು ಗೆರೆ ಹಾಕಿದ್ದೀಯಲ್ಲ, ಒಂದನೇ ಕೊರಿಂಥ ಹತ್ತು ಹದಿಮೂರು, ಶೋಧನೆಯ ಜೊತೆಗೇ ದೇವರು ತಪ್ಪಿಸಿಕೊಳ್ಳುವ ಮಾರ್ಗವನ್ನೂ ಇಡುತ್ತಾನೆ ಅಂತ. ಮಾರ್ಗ ಇದ್ದರೆ ನಡೆಯಬೇಕಾದವಳು ನಾನೇ ಅಲ್ವಾ?

ಎದ್ದು ಕೋಟು ಹಾಕಿಕೊಂಡೆ. ಆ ಹೊತ್ತಿಗೆ ಬಸ್ಸಿಲ್ಲ. ನೆಕ್ಕಾರ್ ಹೊಳೆಯ ಸೇತುವೆ ದಾಟಿ ನಡೆದೇ ಹೋದೆ, ಒಂದು ಗಂಟೆ ಹಿಡಿಯಿತು. ಚಳಿಗೆ ಕಿವಿ ಸೇದುತ್ತಿತ್ತು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಕರ್ತನೇ, ಬಾಗಿಲು ಮುಟ್ಟುವವರೆಗೆ ನಡೆಸು. ಅದಕ್ಕಿಂತ ದೊಡ್ಡದು ಕೇಳಲು ಆಗಲಿಲ್ಲ. ಸೇತುವೆಯ ಮೇಲೆ ಒಂದು ಸಲ ನಿಂತೆ. ಅಪ್ಪನಿಗೆ ಏನಾದರೂ ಆದರೆ ಜೀವನ ಪೂರ್ತಿ ಈ ಲಕೋಟೆ ನೆನಪಾಗುತ್ತದೆ ಅನ್ನಿಸಿತು. ಮತ್ತೆ ನಡೆದೆ.

ರಾತ್ರಿ ಪಾಳಿಯ ನರ್ಸಿಗೆ ಕೊಟ್ಟೆ. ಅವಳು ನನ್ನ ಮುಂದೆಯೇ ಎಣಿಸಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ, ಬೀಗದ ಪೆಟ್ಟಿಗೆಯಲ್ಲಿಟ್ಟಳು. ಅಜ್ಜಿಯ ಹಣಕಾಸು ನೋಡಿಕೊಳ್ಳಲು ಕೋರ್ಟು ನೇಮಿಸಿದ ಒಬ್ಬರಿದ್ದಾರೆ, ಅವರಿಗೆ ತಲುಪುತ್ತದೆ. ಬೆಳಗ್ಗೆ ಮುಖ್ಯಸ್ಥೆ ಕರೆದರು. ತಂದು ಕೊಟ್ಟಿದ್ದು ಸರಿ, ಮನೆಗೆ ಒಯ್ದದ್ದು ತಪ್ಪು ಅಂತ ಬಾಯಿಮಾತಿನ ಎಚ್ಚರಿಕೆ ಕೊಟ್ಟರು. ಅದು ನನಗೆ ಬರಬೇಕಾದದ್ದೇ. ಕೆಲಸಕ್ಕೆ ಏನೂ ತೊಂದರೆ ಇಲ್ಲ, ಅದರ ಚಿಂತೆ ಬೇಡ. ಅಪ್ಪನ ವಿಷಯ ಹೇಳಿದ ಮೇಲೆ ಮುಂಗಡ ಸಂಬಳಕ್ಕೆ ಅರ್ಜಿ ಹಾಕು ಅಂದರು. ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಅಜ್ಜಿಗೆ ಯಾವುದೂ ನೆನಪಿಲ್ಲ. ನಿನ್ನೆ ಮತ್ತೆ ಅಪ್ಪನ ಫೋಟೊ ತೋರಿಸಿದೆ. ಇದು ನನಗೆ ಗೊತ್ತು ಅಂದರು.

ಈಗ ಕಾಕಾನ ಮಾತು. ಆದಾಯ ಕಡಿಮೆ ತೋರಿಸಿ, ನಾನು ಹೊರದೇಶದಲ್ಲಿ ದುಡಿಯುವುದು ಮುಚ್ಚಿಟ್ಟು, ಯಾರಿಗೋ ಎಂಟು ಸಾವಿರ ಕೊಟ್ಟು ಬಿಪಿಎಲ್ ಕಾರ್ಡು ಮಾಡಿಸಿದರೆ ಚಿಕಿತ್ಸೆ ಪೂರ್ತಿ ಫ್ರೀ ಅಂದಿದ್ದಾರೆ ಅಂತ ಬರೆದಿದ್ದೀಯ. ಕಾಕಾ ಕೆಟ್ಟವರಲ್ಲ. ಅಣ್ಣನ ಮೇಲಿನ ಪ್ರೀತಿಗೆ ಹೇಳಿದ್ದಾರೆ. ನನಗೆ ಬಂದದ್ದೇ ಅವರಿಗೂ ಬಂದಿದೆ, ಅದೇ ವಾರದಲ್ಲಿ. ಅದಕ್ಕೇ ಕೈ ಮುಗಿದು ಕೇಳುತ್ತೇನೆ, ಬೇಡ ಅವ್ವಾ. ಆ ಕಾರ್ಡು ಮಗ್ಗ ನಿಂತು ಮನೆಯಲ್ಲಿ ಒಲೆ ಉರಿಯದವರಿಗೆ ಇರುವುದು. ನಮ್ಮ ಓಣಿಯಲ್ಲೇ ಅಂಥವರು ಎಷ್ಟು ಮನೆ ಇದ್ದಾರೆ, ನಿನಗೆ ಗೊತ್ತಲ್ಲ.

ನನಗೂ ಇಲ್ಲಿ ಬಂದ ಹೊಸದರಲ್ಲಿ ಅಂಥದ್ದೇ ಒಂದು ಫಾರ್ಮ್ ಬಂದಿತ್ತು. ಈ ದೇಶದಲ್ಲಿ ಸಭೆಗೆ ಸೇರಿದವರ ಸಂಬಳದಿಂದಲೇ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ. ಈ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ನೂರಕ್ಕೆ 8. ನನಗೆ ತಿಂಗಳಿಗೆ 25 ಯೂರೊ ಚಿಲ್ಲರೆ ಆಗುತ್ತದೆ. ಧರ್ಮ ಇಲ್ಲ ಅಂತ ಬರೆದರೆ ಉಳಿಯುತ್ತದೆ, ಸುಮ್ನೆ ಬರೆ, ಯಾರು ನೋಡ್ತಾರೆ ಅಂತ ಜೊತೆಯವರು ಹೇಳಿದರು. ನನ್ನ ಪೆನ್ನು ಓಡಲಿಲ್ಲ. ಶಿಷ್ಯನಾದ ಪೇತ್ರ ಯೇಸುವನ್ನೇ ಅರಿಯೆನು ಅಂದದ್ದು ಬೆಂಕಿ ಕಾಯಿಸಿಕೊಳ್ಳುವಾಗ, ಸುಮ್ನೆ ಕೇಳಿದ ಒಂದು ಪ್ರಶ್ನೆಗೆ. ಪ್ರೊಟೆಸ್ಟಂಟ್ ಸಭೆ ಅಂತಲೇ ಬರೆದೆ.

ನಿಮ್ಮವರು ಯಾವಾಗ ಕ್ರೈಸ್ತರಾದರು ಅಂತ ಇಲ್ಲಿನವರು ನನ್ನನ್ನು ಕೇಳುತ್ತಾರೆ, ನಿನ್ನೆ ಮೊನ್ನೆ ಆಗಿದ್ದೇವೇನೋ ಅನ್ನೋ ಹಾಗೆ. 1851ರಲ್ಲೇ ಬಾಸೆಲ್ ಮಿಶನ್ ನಮ್ಮ ಗುಳೇದಗುಡ್ಡಕ್ಕೆ ಬಂತು, ಬಂದ ಪಾದ್ರಿಗಳಲ್ಲಿ ಎಷ್ಟೋ ಜನ ನಿಮ್ಮ ಈ ಸೀಮೆಯವರೇ ಅನ್ನುತ್ತೇನೆ. ಕನ್ನಡದ ಅಷ್ಟು ದೊಡ್ಡ ನಿಘಂಟು 1894ರಲ್ಲಿ ಕೊಟ್ಟ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ ಅಂತಲೂ ಹೇಳುತ್ತೇನೆ. ಕಣ್ಣರಳಿಸುತ್ತಾರೆ. ಸಭಾಪಾಲಕರಿಗೆ ಇದನ್ನು ತಿಳಿಸು, ಅವರಿಗೆ ಸಂತೋಷವಾಗುತ್ತದೆ. ಆದರೆ ಭಾನುವಾರ ಚರ್ಚಿಗೆ ಹೋದರೆ ಇಪ್ಪತ್ತು ಜನ ಇರುತ್ತಾರೆ, ಅರ್ಧ ಜನ ಕೋಲು ಹಿಡಿದವರು. ನಮ್ಮ ಚರ್ಚಿನ ಹಾಡಿನ ಗದ್ದಲ ನೆನಪಾಗಿ ಗಂಟಲು ಬಿಗಿಯುತ್ತದೆ.

ಅವ್ವಾ, ದಾರಿ ಇದೆ. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೂ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದು ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ. ಸಮ್ಯಾ ಅಪ್ಪನ ಆಧಾರ್, ರೇಷನ್ ಕಾರ್ಡು, ರಿಪೋರ್ಟು ತೆಗೆದುಕೊಂಡು ನವನಗರದ ಜಿಲ್ಲಾ ಆಸ್ಪತ್ರೆಗೆ ಸೋಮವಾರವೇ ಹೋಗಲಿ, ಅಲ್ಲಿ ರೆಫರಲ್ ಚೀಟಿ ಬರೆಸಿಕೊಳ್ಳಲಿ. ಕಲಬುರಗಿಯ ಜಯದೇವದಲ್ಲಿ ಖರ್ಚು ಕಡಿಮೆ, ದೂರ ಆದರೂ ಅಲ್ಲಿ ಒಂದು ಮಾತು ಕೇಳಲಿ. ಎಲ್ಲೇ ಮಾಡಿಸಿದರೂ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಲಿ. 2017ರಿಂದ ಸರ್ಕಾರ ಅದಕ್ಕೆ ಮಿತಿ ಹಾಕಿದೆ, ಮನಸ್ಸಿಗೆ ಬಂದ ಬೆಲೆ ಹಾಕುವಂತಿಲ್ಲ. ಇಷ್ಟರ ಮೇಲೆ ನಾನು ಕಳಿಸಿದ್ದು ಸೇರಿಸಿದರೆ ಉಳಿಯುವುದು ಜಾಸ್ತಿ ಇಲ್ಲ. ಮುಂಗಡ ಬಂದರೆ ಅದೂ ಮುಗಿಯಿತು. ಬರದಿದ್ದರೆ ನನ್ನ ಸರ ಇದೆಯಲ್ಲ, ಅಡ ಇಡು. ಬೇಜಾರು ಮಾಡಿಕೊಳ್ಳಬೇಡ, ಆಮೇಲೆ ಬಿಡಿಸಿಕೊಳ್ಳುತ್ತೇನೆ. ಎರಡು ಭಾನುವಾರ ಹೆಚ್ಚಿನ ಪಾಳಿಯೂ ಒಪ್ಪಿಕೊಂಡಿದ್ದೇನೆ. ಇಲ್ಲ, ಸುಸ್ತಾಗುವುದಿಲ್ಲ. ಚೆನ್ನಾಗಿ ತಿನ್ನುತ್ತಿದ್ದೇನೆ. ನೀನು ಕಟ್ಟಿಕೊಟ್ಟ ಕಡಕ್ ರೊಟ್ಟಿ ಇನ್ನೂ ಹದಿನಾಲ್ಕು ಇವೆ, ಶೇಂಗಾ ಚಟ್ನಿ ಮುಗಿಯಿತು.

ಅಪ್ಪನ ತಂಬಾಕು ನಿಂತಿದೆಯಾ? ನಿಜ ಹೇಳು. ನಿಲ್ಲಿಸು ಅಂತ ಬೈಯಬೇಡ, ಬೈದರೆ ಮುಚ್ಚಿಟ್ಟು ತಿನ್ನುತ್ತಾರೆ. ಸಂಜೆ ಅಂಗಡಿ ಕಡೆ ಹೋಗುವ ಹೊತ್ತಿಗೆ ಅವರ ಜೊತೆ ಕೂತು ಒಂದು ಕೀರ್ತನೆ ಓದು. ಅಜ್ಜನ ಸುತ್ತಿನ ದಾರಿ ಅಪ್ಪನಿಗೂ ಗೊತ್ತು. ಇಲ್ಲಿ ನಾನು ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ಎರಡು ನಿಮಿಷ ಕಣ್ಣು ಮುಚ್ಚುತ್ತೇನೆ. ಆಗ ನಿಮಗೆ ಏಳೂವರೆ, ಕುಟುಂಬ ಪ್ರಾರ್ಥನೆಯ ಹೊತ್ತು. ತಿಂಗಳ ಕೊನೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಆಮೇಲೆ ನಾಲ್ಕಕ್ಕೆ.

ಲಕೋಟೆಯ ಮಾತು ಅಪ್ಪನಿಗೆ ಈಗ ಹೇಳಬೇಡ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನಾನೇ ಹೇಳುತ್ತೇನೆ, ಒಂದು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದನ್ನೂ ಸೇರಿಸಿ. ನೀನು ಮಾತ್ರ ನನಗಾಗಿ ಪ್ರಾರ್ಥನೆ ಮಾಡು. ಅಜ್ಜಿಯ ಕಪಾಟು ದಿನಾ ನಾನೇ ತೆಗೆಯಬೇಕು.

ಕೊಟ್ಟಾಯಂ ಹುಡುಗಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಮದುವೆ ಮಾತು ಕೇಳಿದ್ದೀಯ, ಈಗ ಬೇಡ, ಆಮೇಲೆ. ಕಾಕಾನಿಗೆ ವಂದನೆ, ಅವರ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳು. ಸಮ್ಯಾನಿಗೆ ಗಾಡಿ ಮೆಲ್ಲಗೆ ಓಡಿಸು ಅನ್ನು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ, ಅದನ್ನು ಡಾಕ್ಟರ್ ಹೇಳುವವರೆಗೆ ಒಂದು ದಿನವೂ ಬಿಡಿಸಬೇಡ, ಹಲ್ಲು ಕೀಳಿಸಬೇಕು ಅಂದರೂ ಕೇಳದೆ ನಿಲ್ಲಿಸಬೇಡ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸು.

ನಿನ್ನ ಮಗಳು,
ಕರುಣಾ